ಪರೀಕ್ಷೆಯ ನೀರು

"ಬಿಂದಿಗೆ ಕೆಳಗಿಡ್ರೇ, ಮುಂಡೇವಾ! ಅದು ಕುಡಿಯೋ ನೀರಲ್ಲ, ಪರೀಕ್ಷೆ ನೀರು!"

ಬಣ್ಣದ ಕಾರ್ಖಾನೆಯ ಮ್ಯಾನೇಜರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಕಿರುಚುತ್ತಿದ್ದ. ಪಾಪ, ಅವನ ಕಷ್ಟ ಅವನಿಗೆ. ನೀರು ತಪಾಸಣೆಯ ಸಾಹೇಬರು ಬರುವ ದಿನ ಮಾತ್ರ ನಮ್ಮ ಲೈನ್‌ಮನೆಗಳ ತೊಟ್ಟಿ ತೊಳೆಸಿ, ಟ್ಯಾಂಕರಿನಲ್ಲಿ ಒಳ್ಳೆಯ ನೀರು ತರಿಸಿ ತುಂಬುತ್ತಾರೆ. ಸಾಹೇಬರು ಒಂದು ಬಾಟ್ಲಿ ಹಿಡಿದುಕೊಂಡು ಖುಷಿಯಾಗಿ ಹೋಗುತ್ತಾರೆ. ಮಿಕ್ಕ ದಿನ ನಮಗೆ ಬೋರ್‌ವೆಲ್. ಕಾರ್ಖಾನೆಯ ಹೊಂಡದಲ್ಲಿ ಇಂಗಿದ್ದು, ನಮ್ಮ ಕಕ್ಕಸು ಗುಂಡಿಯಲ್ಲಿ ಇಂಗಿದ್ದು, ಎಲ್ಲ ಅದರಲ್ಲೇ ಬರುತ್ತದೆ. ಬಣ್ಣ, ರುಚಿ, ವಾಸನೆ ಮೂರೂ ಇರುವ ನೀರು ಯಾವ ಶ್ರೀಮಂತನ ಮನೆಯಲ್ಲಿದೆ ಹೇಳಿ?

ಈ ಸಲ ವಾಂತಿಭೇದಿ ಮನೆಮನೆ ಹೊಕ್ಕಿತ್ತು. ನನ್ನ ಮಗಳ ಕಣ್ಣುಗಳು ಗುಳಿಬಿದ್ದಿದ್ದವು. ಶುದ್ಧ ನೀರಿಗೆ ಉಪ್ಪು, ಸಕ್ಕರೆ ಬೆರೆಸಿ ಕುಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ ಅಂದಿದ್ದರು ಡಾಕ್ಟರು. ಉಪ್ಪಿತ್ತು, ಸಕ್ಕರೆಯೂ ಇತ್ತು. ಟ್ಯಾಂಕರು ಆ ಕಡೆ ಹೋದದ್ದೇ ತಡ, ಹೆಂಗಸರೆಲ್ಲ ಸೇರಿ ತೊಟ್ಟಿ ಬರಿದು ಮಾಡಿದೆವು.

ಸಾಹೇಬರ ಜೀಪು ಬಂತು. ನಲ್ಲಿ ತಿರುಗಿಸಿದರೆ ಬರೀ ಗಾಳಿ.

"ಬೋರ್ ನೀರು ಹಿಡಿದ್ರೆ ಇದ್ದಿದ್ದು ಇದ್ದಂಗೆ ಬರೀಬೇಕಾಗುತ್ತೆ ಕಣ್ರೀ. ನಿಮಗೂ ತಲೆನೋವು, ನನಗೂ ತಲೆನೋವು. ಎಲ್ಲಿಂದಾದ್ರೂ ತುಂಬಿಸ್ಕೊಂಡು ಬನ್ನಿ" ಅಂತ ಸಾಹೇಬರು ಬಾಟ್ಲಿಯನ್ನು ಮ್ಯಾನೇಜರ ಕೈಗೆ ಕೊಟ್ಟರು. ಎಷ್ಟು ದೊಡ್ಡ ಮನಸ್ಸು!

ಮ್ಯಾನೇಜರು ನೇರ ನಮ್ಮ ಬಾಗಿಲಿಗೆ ಬಂದ. ಮುಂಡೆ ಅಂದ ಬಾಯಲ್ಲಿ ಈಗ ಬೆಣ್ಣೆ.

"ಅಮ್ಮಾ, ಒಂದೇ ಒಂದು ಬಾಟ್ಲಿ ನೀರು ಕೊಡಮ್ಮ."

ನಮ್ಮತ್ತೆ ಬಾಟ್ಲಿ ಇಸಕೊಂಡಳು. ಬಿಂದಿಗೆ ಬಗ್ಗಿಸಿ ತುಂಬಿದಳು. ಉಪ್ಪು ಹಾಕಿದಳು, ಸಕ್ಕರೆ ಹಾಕಿದಳು, ಚೆನ್ನಾಗಿ ಅಲ್ಲಾಡಿಸಿದಳು. ಅವನು ಕೈ ಚಾಚಿಕೊಂಡು ನಿಂತಿದ್ದಂತೆಯೇ ಹೊಸ್ತಿಲ ಬಳಿ ಮಲಗಿದ್ದ ಮೊಮ್ಮಗಳ ಬಾಯಿಗಿಟ್ಟಳು.

"ಏ ಮುದುಕಿ! ಸಾಹೇಬ್ರು ತಂದಿರೋದು ಅದೊಂದೇ ಬಾಟ್ಲಿ ಕಣೇ!"

"ಹೌದಾ? ಹಂಗಾದ್ರೆ ಒಳ್ಳೇ ಬಾಟ್ಲೀನೇ ಇರ್ಬೇಕು ಬಿಡಪ್ಪ."

"ನಾಳೆಯಿಂದ ನಿನ್ನ ಸೊಸೆ ಕಾರ್ಖಾನೆ ಗೇಟೊಳಗೆ ಕಾಲಿಡ್ಲಿ, ನೋಡ್ಕೋತೀನಿ!"

ನಮ್ಮ ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಮಗಳು ಗಟಗಟ ಕುಡಿದಳು, ಅರ್ಧದಷ್ಟನ್ನು ಅವನ ಬೂಟಿನ ಮೇಲೆಯೇ ಕಕ್ಕಿದಳು. ನಾನು ಅತ್ತೆಯ ಕೈಯಿಂದ ಬಾಟ್ಲಿ ತೆಗೆದುಕೊಂಡು ಮತ್ತೆ ತುಂಬಿ, ಉಪ್ಪಿನ ಡಬ್ಬಿಗೆ ಕೈ ಹಾಕಿದೆ.