ಗುಂಡನ ಹಸಿವು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ಮುನ್ನೂರು ಜನಕ್ಕೆ ಬೇಯಿಸಿ ಹಾಕಿದ ಅಕ್ಕನಿಗೆ, ಯಾರು ಎಷ್ಟು ತಿಂದರೆಂದು ತಟ್ಟೆ ನೋಡಿದರೇ ಗೊತ್ತಾಗುತ್ತಿತ್ತು. ಓದಿದ್ದು ಏಳನೆಯ ತರಗತಿ. ಅವಳ ತಮ್ಮ ಬಸ್ ಡ್ರೈವರ್; ಚಿಕ್ಕಂದಿನಿಂದಲೂ ಎಲ್ಲರ ಬಾಯಲ್ಲಿ ಗುಂಡ. ತೂಕ ನೂರನಲವತ್ತು ಕಿಲೋ ದಾಟಿ, ಸ್ಟೀರಿಂಗು ಹೊಟ್ಟೆಗೆ ಒತ್ತತೊಡಗಿದಾಗ ತೂಕ ಇಳಿಸುವ ಆಪರೇಷನ್ನಿಗೆ ಒಪ್ಪಿದ.

ಅದಕ್ಕೂ ಮುಂಚೆ ಆಸ್ಪತ್ರೆಯ ಡಯಟೀಷಿಯನ್ ಅಕ್ಕ–ತಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದಳು: "ಹಸಿವು ಹುಟ್ಟಿಸೋ ಹಾರ್ಮೋನು ಹೆಚ್ಚಾಗಿ ತಯಾರಾಗೋದು ಜಠರದ ಮೇಲ್ಭಾಗದಲ್ಲಿ. ಅದನ್ನೇ ತೆಗೀತೀವಿ. ಆಮೇಲೆ ಕೆಲವು ತಿಂಗಳು ಹಸಿವು ನಿಮ್ಮನ್ನ ಕರೆಯೋದು ಕಡಿಮೆ. ಗಡಿಯಾರ ನೋಡ್ಕೊಂಡು ತಿನ್ನಬೇಕು. ಮೊದಲು ಪ್ರೋಟೀನು. ವಿಟಮಿನ್ ಮಾತ್ರೆ ಒಂದು ದಿನಾನೂ ತಪ್ಪಿಸಬಾರದು."

ಗುಂಡ "ಆಯ್ತು" ಅಂದ. ಅಕ್ಕ ಕೇಳಿದಳು, "ವಾಂತಿ ನಿಲ್ದೇ ಇದ್ರೆ?"

"ಕೂಡ್ಲೇ ನಮಗೆ ಹೇಳಿ. ವಾರಗಟ್ಟಲೆ ಬಿಟ್ರೆ ಬಿ-ಒನ್ ಅನ್ನೋ ವಿಟಮಿನ್ ಖಾಲಿ ಆಗುತ್ತೆ. ನಡಿಗೆ ತಪ್ಪುತ್ತೆ, ಒಂದು ಎರಡಾಗಿ ಕಾಣುತ್ತೆ, ಮೆದುಳಿಗೇ ಪೆಟ್ಟು. ಅಂಥವರಿಗೆ ಗ್ಲೂಕೋಸ್ ಹಾಕೋಕೆ ಮುಂಚೆ ಬಿ-ಒನ್ ಕೊಡಬೇಕು."

"ಮುಂಚೆನೇ ಯಾಕೆ?"

"ಸಕ್ಕರೆ ಮೈಗೆ ಹತ್ತೋಕೆ ಅದು ಬೇಕು. ಉಳಿದಿರೋ ಚೂರುಪಾರೂ ಅದಕ್ಕೇ ಖರ್ಚಾಗಿಬಿಡುತ್ತೆ."

ಆಪರೇಷನ್ ಚೆನ್ನಾಗಿ ಆಯಿತು. ಏಳು ವಾರದಲ್ಲಿ ಗುಂಡನ ಬೆಲ್ಟಿಗೆ ಹೊಸ ತೂತು ಕೊರೆದು ಕೊರೆದು ಸಾಕಾಯಿತು. ಫೋನಿನಲ್ಲಿ ಅವನದು ಒಂದೇ ಮಾತು: "ಅಕ್ಕಾ, ಹಾಳು ಹಸಿವು ತೊಲಗ್ತು ನೋಡು!" ವಾಂತಿಯ ಸುದ್ದಿ ಮಾತ್ರ ಎತ್ತಲಿಲ್ಲ.

ರಜೆಯ ದಿನ ಅಕ್ಕ ಅವನ ಮನೆಗೆ ಹೋದಾಗ, ಗೋಡೆ ಹಿಡಿದುಕೊಂಡು ಬಂದು ಬಾಗಿಲು ತೆಗೆದ. "ಏನಕ್ಕಾ, ಇಬ್ಬಿಬ್ಬರು ಬಂದಿದ್ದೀರಾ?" ಎಂದು ನಕ್ಕ. ಅಕ್ಕನಿಗೆ ಡಯಟೀಷಿಯನ್ ಹೇಳಿದ್ದು ನೆನಪಾಯಿತು. ನೇರ ಅಡುಗೆಮನೆಗೆ ನುಗ್ಗಿದಳು. ಫ್ರಿಜ್ಜಿನಲ್ಲಿ ಬೇಯಿಸಿಟ್ಟು ಹಳಸಿದ ಮೊಟ್ಟೆ, ಕಪಾಟಿನಲ್ಲಿ ಮುಚ್ಚಳ ತೆಗೆಯದ ಮಾತ್ರೆಯ ಡಬ್ಬಿ. ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಉಳಿದದ್ದನ್ನೆಲ್ಲ ಅವನ ಬಾಯಿಂದಲೇ ಹೊರಡಿಸಿದಳು.

ತುರ್ತು ವಿಭಾಗದ ಡಾಕ್ಟರು ನಾಲಿಗೆ ನೋಡಿ, "ಮೈಯಲ್ಲಿ ನೀರಿಲ್ಲ. ಸಿಸ್ಟರ್, ಗ್ಲೂಕೋಸ್ ಹಾಕಿ" ಎಂದರು.

"ಡಾಕ್ಟ್ರೇ, ಅದಕ್ಕೆ ಮುಂಚೆ ಬಿ-ಒನ್ ಕೊಡಿ."

"ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ."

ಅಕ್ಕ ಕದಲಲಿಲ್ಲ. "ಇವನಿಗೆ ತೂಕದ ಆಪರೇಷನ್ ಆಗಿ ಏಳು ವಾರ. ಇಪ್ಪತ್ತು ದಿನದಿಂದ ದಿನಕ್ಕೆರಡು ಚಮಚ ಮೊಸರು, ಅರ್ಧ ಲೋಟ ಹಣ್ಣಿನ ರಸ. ಅದೂ ನಿಂತಿಲ್ಲ, ದಿನಾ ಮೂರ್ನಾಲ್ಕು ಸಲ ವಾಂತಿ. ಮಾತ್ರೆ ಒಂದೂ ನುಂಗಿಲ್ಲ. ನಡೆಯೋಕಾಗ್ತಿಲ್ಲ, ಒಂದು ಎರಡಾಗಿ ಕಾಣ್ತಿದೆ. ಈಗ ಹೇಳಿ, ನಾನು ಹೊರಗೆ ಹೋಗ್ಲಾ?"

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಅವಳಿಗೆ ಎರಡೂ ಗೊತ್ತಿತ್ತು. ಡಾಕ್ಟರು ಗುಂಡನ ಮುಖದ ಮುಂದೆ ಬೆರಳು ಆಡಿಸಿದರು. ಅವನ ಕಣ್ಣುಗುಡ್ಡೆಗಳು ಅದುರುತ್ತಿದ್ದವು.

"ಸಿಸ್ಟರ್, ಗ್ಲೂಕೋಸ್ ಬೇಡ. ಮೊದಲು ಥಯಮಿನ್."

"ಥಯಮಿನ್ ಅಲ್ಲ ಡಾಕ್ಟ್ರೇ, ಬಿ-ಒನ್!"

"ಎರಡೂ ಒಂದೇ, ತಾಯಿ" ಎಂದರು ಡಾಕ್ಟರು. ಅಷ್ಟರಲ್ಲಿ ಅವರ ಮುಖದ ಗಂಟು ಸಡಿಲಿತ್ತು.

ಮರುದಿನ ಗುಂಡನಿಗೆ ಒಬ್ಬಳೇ ಅಕ್ಕ ಕಾಣಿಸಿದಳು. ನಡಿಗೆ ನೆಟ್ಟಗಾಗಲು ಮಾತ್ರ ಒಂದು ತಿಂಗಳು ಹಿಡಿಯಿತು. ಅಷ್ಟು ದಿನವೂ ಅಕ್ಕ ಗಡಿಯಾರ ಹಿಡಿದು ಕೂತು, ಪುಟ್ಟ ಬಟ್ಟಲಿನಲ್ಲಿ ಮೊಟ್ಟೆ, ಬೇಳೆ, ಮೊಸರು ಕೊಟ್ಟಳು. ಮಾತ್ರೆ ನುಂಗಿದನೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡಿದಳು.

ವಾರ್ಡಿನ ರೌಂಡಿನಲ್ಲಿ ಅದೇ ಡಾಕ್ಟರು ಕಿರಿಯರ ಮುಂದೆ ಅವಳನ್ನು ತೋರಿಸಿ, "ಅವತ್ತು ನನ್ನ ತಪ್ಪು ತಿದ್ದಿದ್ದು ಇವರು" ಎಂದರು. ಎಷ್ಟು ಬಡಿಸಿದರೂ ಯಾರಿಂದಲೂ ಇಂಥ ಮಾತು ಕೇಳಿರದ ಅಕ್ಕ, ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ನೋಡಿದಳು.

ಡಯಟೀಷಿಯನ್ ಅಷ್ಟಕ್ಕೇ ಬಿಡಲಿಲ್ಲ. ಆಪರೇಷನ್ನಿಗೆ ಕಾದಿದ್ದ ಹತ್ತು ಮಂದಿ, ಅವರ ಮನೆಯವರ ಮುಂದೆ ಅಕ್ಕನನ್ನು ನಿಲ್ಲಿಸಿದಳು. ಗಡಿಯಾರ, ಮಾತ್ರೆ, ವಾಂತಿ, ಬಿ-ಒನ್ ಎಂದು ಅಕ್ಕ ಒಂದೊಂದಾಗಿ ಹೇಳುತ್ತ ಹೋದಳು; ದನಿ ನಡುಗಲಿಲ್ಲ. ಮುಂದಿನ ಸಾಲಿನಲ್ಲಿ ಡ್ರೈವರ್ ಸಮವಸ್ತ್ರದಲ್ಲಿದ್ದ ಗುಂಡ, ಪಕ್ಕದವನ ಪಕ್ಕೆಗೆ ತಿವಿದು, "ನಮ್ಮಕ್ಕ ಕಣ್ರೀ!" ಅಂದ, ಅದು ಇಡೀ ಕೋಣೆಗೆ ಕೇಳಿಸಿತು.

"ಸುಮ್ನಿರೋ, ಪಾಠ ನಡೀತಿದೆ" ಎಂದು ಗದರಿಸಿ, ಅಕ್ಕ ತಲೆಯೆತ್ತಿ ಮಾತು ಮುಂದುವರಿಸಿದಳು.