ಏಳು ಬಟ್ಟಲು ತೊಗರಿ

ನನ್ನ ಮೈದುನ ಮಹಾಂತಯ್ಯನ ಒಲೆ ಆರಬೇಕು ಎಂದು ನಾನು ಬಯಸಿದ್ದನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಹುಬ್ಬಳ್ಳಿಯ ಹತ್ತಿ ಪ್ರೆಸ್ಸಿನ ಹಿಂದಿನ ಓಣಿಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಆ ಓಣಿಯ ಖಾನಾವಳಿಯನ್ನು ಕಟ್ಟಿದವರು ನಾನು ಮತ್ತು ನನ್ನ ಗಂಡ ಮಡಿವಾಳಯ್ಯ. ಅವರು ತಾಟು ಹಾಕಿ ಬಡಿಸುತ್ತಿದ್ದರು, ನಾನು ರೊಟ್ಟಿ ಬಡಿಯುತ್ತಿದ್ದೆ. ವರ್ಷಗಟ್ಟಲೆ ಹೊಗೆ ಕುಡಿದು ಕೆಂಪಾದದ್ದು ನನ್ನ ಕಣ್ಣು. ಮಹಾಂತಯ್ಯ ಆಗ ನರಗುಂದದಲ್ಲಿ ಯಾರದೋ ಅಂಗಡಿಯ ಕಟ್ಟೆಯ ಮೇಲೆ ಕುಳಿತು ನೊಣ ಹೊಡೆಯುತ್ತಿದ್ದ.

ಮೂವತ್ತಾರನೇ ಇಸವಿಯಲ್ಲಿ ನನ್ನ ಗಂಡ ಜ್ವರದಿಂದ ತೀರಿಕೊಂಡರು. ಮಣ್ಣು ಕೊಟ್ಟು ತಿಂಗಳೂ ಆಗಿರಲಿಲ್ಲ, ನಾನು ಮತ್ತೆ ಒಲೆಯ ಮುಂದೆ ಕೂರಲು ಹೋದರೆ, ಮಣ್ಣಿಗೆಂದು ಬಂದು ಇಲ್ಲೇ ಉಳಿದಿದ್ದ ಮೈದುನ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತ. ಊಟಕ್ಕೆ ಕುಳಿತ ಮಂದಿಗೆಲ್ಲ ಕೇಳುವ ಹಾಗೆ ಹೇಳಿದ.

"ಗಂಡನ್ನ ನುಂಗಿದಾಕಿ ಬಡದ ರೊಟ್ಟಿ ಯಾರ ಉಣ್ತಾರ್ರಿ ವೈನಿ? ನೀವು ಗೋಪನಕೊಪ್ಪಕ್ಕ ನಿಮ್ಮ ಅಣ್ಣನ ಮನಿಗೆ ಹೋಗ್ರಿ. ಇಲ್ಲಿದು ನಾ ನೋಡ್ಕೋತೇನಿ."

ಉಣ್ಣುತ್ತಿದ್ದವರು ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದರು. ನನ್ನ ಕೈಯ ರೊಟ್ಟಿ ತಿಂದು ಮೈ ಬೆಳೆಸಿದವರೇ ಅವರೆಲ್ಲ. ಆದರೆ ಗಿರಾಕಿಯ ಮೇಲೆ ಹಗೆ ಸಾಧಿಸಿ ಬದುಕಿದ ಖಾನಾವಳಿಯವಳು ಎಲ್ಲೂ ಇಲ್ಲ. ನನ್ನ ಹಗೆಯನ್ನೆಲ್ಲ ಒಬ್ಬನಿಗೇ ಮೀಸಲಿಟ್ಟೆ.

ಅಣ್ಣನ ಮನೆಗೆ ಹೋಗಲಿಲ್ಲ. ಕೊರಳಿನ ಗುಂಡಿನ ಸರ ಮಾರಿ, ನನ್ನದೇ ಖಾನಾವಳಿಯ ಎದುರಿಗೆ ಒಂದು ಪಡಸಾಲೆ ಬಾಡಿಗೆ ಹಿಡಿದೆ. ಹಳೆಯ ಖಾನಾವಳಿಯಲ್ಲಿ ಖಾರ ಕುಟ್ಟುತ್ತಿದ್ದ ದಾನವ್ವ ಅಲ್ಲಿಯ ಕೆಲಸ ಬಿಟ್ಟು ನನ್ನ ಜೊತೆ ಬಂದಳು. ಒಲೆಯನ್ನು ಬೀದಿಯ ಕಡೆಗೇ ಹಾಕಿಸಿದೆ, ರೊಟ್ಟಿ ಬಡಿಯುತ್ತ ತಲೆ ಎತ್ತಿದರೆ ಅವನ ಬಾಗಿಲು ಕಾಣಬೇಕು ಎಂದು. ಒಲೆ ಪೂರ್ವಕ್ಕೆ ಮುಖ ಮಾಡಿರಬೇಕು ಎಂದು ಹಿರಿಯರೊಬ್ಬರು ಬುದ್ಧಿ ಹೇಳಲು ಬಂದರು. ನನಗೆ ಪೂರ್ವ ಬೇಡ, ಮಹಾಂತಯ್ಯ ಬೇಕು ಎಂದೆ.

ಮೊದಲ ಕೆಲವು ತಿಂಗಳು ನಾನು ಹುಚ್ಚಿಯ ಹಾಗೆ ಇದ್ದೆ. ಶನಿವಾರ ಹುಬ್ಬಳ್ಳಿ ಸಂತೆ. ಅವತ್ತು ಅವನ ಬಾಗಿಲಲ್ಲಿ ಮಂದಿ ಕಿಕ್ಕಿರಿದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಅಮಾವಾಸ್ಯೆಯ ದಿನ ಪ್ರೆಸ್ಸು ಮುಚ್ಚಿ ಅವನ ಪಡಸಾಲೆ ಬಣಗುಟ್ಟಿದರೆ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದೆ. ಒಂದು ದಿನವಂತೂ ಮಧ್ಯಾಹ್ನದವರೆಗೆ ಅವನ ಹೊಸ್ತಿಲನ್ನು ಒಂದು ನರಪಿಳ್ಳೆಯೂ ದಾಟಲಿಲ್ಲ. ಮುಗಿಯಿತು ಇವನ ಕತೆ ಎಂದು ನಾನು ಓಣಿಯಲ್ಲೆಲ್ಲ ಸಕ್ಕರೆ ಹಂಚಿದೆ. ಸಕ್ಕರೆ ಹಿಡಿದ ಕೈಯನ್ನೇ ನೋಡುತ್ತ ದಾನವ್ವ ಅಂದಳು, "ಅವ್ವಾರ, ಇವತ್ತ ಶ್ರಾವಣ ಸೋಮಾರ. ಮಂದಿ ಒಪ್ಪತ್ತು ಮಾಡ್ಯಾರ. ನಮ್ಮಲ್ಲೂ ಯಾರೂ ಬಂದಿಲ್ಲ, ನೋಡ್ರಿ."

ಸ್ವಾಮಿಗಳ ಮನೆಯ ಹೆಣ್ಣುಮಗಳು ನಾನು, ಸಿಟ್ಟಿನಲ್ಲಿ ನನಗೆ ಶ್ರಾವಣ ಸೋಮವಾರವೇ ಮರೆತುಹೋಗಿತ್ತು. ನಾಚಿಕೆಯಾಯಿತು. ಮಹಾಂತಯ್ಯ ತನ್ನ ಬಾಗಿಲಲ್ಲಿ ನಿಂತು ಓಣಿಯವರೊಬ್ಬರ ಕೈಯಿಂದ ಒಂದು ಚಿಟಿಕೆ ಸಕ್ಕರೆ ಇಸಕೊಂಡು ಬಾಯಿಗೆ ಹಾಕಿಕೊಂಡ. ಅವತ್ತಿನಿಂದ ನನ್ನ ಹಗೆ ಇಮ್ಮಡಿಯಾಯಿತು.

ನಮ್ಮಲ್ಲಿ ಉಣ್ಣುತ್ತಿದ್ದವರಲ್ಲಿ ಶಿದ್ದಪ್ಪ ಮಾಸ್ತರರು ಎಂದು ಒಬ್ಬರಿದ್ದರು, ಸಾಲೆಯಲ್ಲಿ ಗಣಿತ ಹೇಳುವವರು. ಅವರ ಮುಂದೆ ನನ್ನ ಗೋಳು ತೋಡಿಕೊಂಡೆ. ಒಂದು ದಿನ ಅವನು ಸತ್ತ ಎನಿಸುತ್ತದೆ, ಮರುದಿನ ಎದ್ದು ಕೂತ ಎನಿಸುತ್ತದೆ, ಖರೇ ಯಾವುದು?

"ಒಂದ ದಿನದ ಮಾತ ಕೇಳಬ್ಯಾಡ್ರಿ ಮುರಿಗೆವ್ವಾರ," ಎಂದರು ಮಾಸ್ತರರು. "ಏಳು ದಿನಾ ಕೂಡಿಸಿ ನೋಡ್ರಿ. ಏಳು ದಿನದಾಗ ಒಂದ ಸಂತಿ ಬರತೈತಿ, ಒಂದ ಸೋಮಾರ ಬರತೈತಿ. ನಾಳೆ ಹೊಸಾ ದಿನಾ ಸೇರಿಸ್ರಿ, ಹಳೇ ದಿನಾ ಒಂದ ತಗೀರಿ. ಆವಾಗೂ ಅದರಾಗ ಒಂದ ಸಂತಿ, ಒಂದ ಸೋಮಾರ ಇದ್ದ ಇರ್ತಾವು. ಸಂತಿ ಗದ್ದಲ ಅದರಾಗ ಕರಗಿ ಹೋಗತೈತಿ. ಉಳಿಯೂದು ಏರತೈತೋ ಇಳೀತೈತೋ ಅನ್ನೂದಷ್ಟ."

"ಏಳರಿಂದ ಭಾಗಾಕಾರ ಮಾಡಬೇಕೇನ್ರಿ?"

"ಸರಾಸರಿ ಬೇಕಂದ್ರ ಮಾಡಬೇಕು. ನಿಮಗ ಬೇಕಾಗಿದ್ದು ಅಂವ ಇಳ್ಯಾಕತ್ತಾನೋ ಇಲ್ಲೋ ಅನ್ನೂದಲ್ಲ? ಬರೇ ಕೂಡಿಸಿದ್ರ ಸಾಕು."

ಹಾಳೆಯ ಮೇಲೆ ಅಂಕಿ ಬರೆಯುವ ಅಭ್ಯಾಸ ನನಗಿಲ್ಲ, ಕೈಯೆಲ್ಲ ಸದಾ ಹಿಟ್ಟು. ಕುಂಬಾರನಿಂದ ಏಳು ಬಟ್ಟಲು ತಂದು ಒಲೆಯ ಪಕ್ಕದ ಹಲಗೆಯ ಮೇಲೆ ಸಾಲಾಗಿ ಇಟ್ಟೆ, ದಿನಕ್ಕೊಂದು. ಪಕ್ಕದಲ್ಲಿ ಉದ್ದನೆಯದೊಂದು ಗಾಜಿನ ಭರಣಿ. ಅವನ ಬಾಗಿಲನ್ನು ಒಬ್ಬ ಗಿರಾಕಿ ದಾಟಿದರೆ ಆ ದಿನದ ಬಟ್ಟಲಿಗೆ ಒಂದು ತೊಗರಿ ಕಾಳು, ಭರಣಿಗೆ ಇನ್ನೊಂದು. ಮುಂದಿನ ಸೋಮವಾರ ಬೆಳಿಗ್ಗೆ ಹಳೆಯ ಸೋಮವಾರದ ಬಟ್ಟಲಲ್ಲಿ ಎಷ್ಟು ಕಾಳಿವೆಯೋ ಅಷ್ಟನ್ನೇ ಭರಣಿಯಿಂದಲೂ ತೆಗೆದು, ಬಟ್ಟಲು ಬರಿದು ಮಾಡಿ, ಹೊಸದಾಗಿ ಹಾಕಲು ಶುರು. ಹೀಗಾಗಿ ಯಾವ ಸಂಜೆ ನೋಡಿದರೂ ಭರಣಿಯಲ್ಲಿ ಕಳೆದ ಏಳು ದಿನದ ಮಂದಿಯೇ ಇರುತ್ತಿದ್ದರು, ಒಬ್ಬ ಹೆಚ್ಚಿಲ್ಲ, ಒಬ್ಬ ಕಡಿಮೆಯಿಲ್ಲ. ಸಂಜೆ ಕಾಳು ನಿಂತ ಮಟ್ಟಕ್ಕೆ ಗಾಜಿನ ಮೇಲೆ ಸುಣ್ಣದಿಂದ ಒಂದು ಗೆರೆ ಎಳೆಯುತ್ತಿದ್ದೆ.

ಮಾಸ್ತರರು ಭರಣಿಯನ್ನು ನೋಡಿ ಬಹಳ ಹೊತ್ತು ನಕ್ಕರು. ಆಮೇಲೆ ಸಾಲೆಯ ಹುಡುಗರಿಗೂ ಹೀಗೇ ಕಲಿಸುತ್ತೇನೆ ಎಂದರು.

ಮೊದಮೊದಲು ಗೆರೆಗಳು ಒಂದರ ಮೇಲೊಂದು ಕೂತವು. ಆಮೇಲೆ ಕೂದಲೆಳೆಯಷ್ಟು ಕೆಳಗೆ. ಮುಂದಿನ ತಿಂಗಳು ಬೆರಳಿನಷ್ಟು ಕೆಳಗೆ. ಸಂತೆಯ ದಿನ ಓಣಿ ತುಂಬ ಗಾಡಿ ನಿಂತರೂ ಭರಣಿಯ ಕಾಳು ಏರಲಿಲ್ಲ, ಯಾಕೆಂದರೆ ಹೋದ ಸಂತೆಗೆ ಇನ್ನೂ ಹೆಚ್ಚು ಮಂದಿ ಬಂದಿದ್ದರು. ಮಹಾಂತಯ್ಯ ಮೀಸೆ ತಿರುವುತ್ತ ನಿಂತಿರುತ್ತಿದ್ದ. ನಾನು ಸೆರಗಿನಲ್ಲಿ ನಗು ಮುಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದೆ. ಅವನು ಇಳಿಯುತ್ತಿದ್ದಾನೆಂದು ಅವನಿಗೇ ಗೊತ್ತಿಲ್ಲ, ನನಗೆ ಗೊತ್ತು. ಹಗೆಯವಳಿಗೆ ಇದಕ್ಕಿಂತ ರುಚಿಯಾದ ಊಟ ಇಲ್ಲ.

ಮಹಾಂತಯ್ಯನದು ನಿನ್ನೆಯನ್ನು ನೋಡಿ ಇವತ್ತು ಕುಣಿಯುವ ಬುದ್ಧಿ. ನಿನ್ನೆ ಮಂದಿ ಬಂದರೆ ಇವತ್ತು ಎರಡರಷ್ಟು ಹಿಟ್ಟು ನಾದಿಸುತ್ತಾನೆ. ನಿನ್ನೆ ಬರಲಿಲ್ಲವೆಂದರೆ ಇವತ್ತು ಎಣ್ಣೆಗಾಯಿಗೆ ಎಣ್ಣೆ ಇಲ್ಲ. ಇದನ್ನು ನೋಡಿ ನೋಡಿ ನನಗೊಂದು ಉಪಾಯ ಹೊಳೆಯಿತು. ಇವನಿಗೆ ಬೇಕಾದದ್ದು ನಿನ್ನೆ ತಾನೆ? ನಾನೇ ಇವನಿಗೆ ನಿನ್ನೆಗಳನ್ನು ಮಾಡಿ ಕೊಡುತ್ತೇನೆ.

ಪ್ರೆಸ್ಸಿನ ಹಮಾಲರ ಮುಖ್ಯಸ್ಥ ಉಳವಪ್ಪ ತನ್ನ ಮಂದಿಯನ್ನು ಕಟ್ಟಿಕೊಂಡು ನಮ್ಮಲ್ಲೇ ಉಣ್ಣುತ್ತಿದ್ದ. ಅವನನ್ನು ಕರೆದು ಹೇಳಿದೆ, "ಉಳವಪ್ಪಾ, ಇವತ್ತ ನಿಮ್ಮ ಮಂದೀನ್ನ ಎದರಗಡೆ ಕರಕೊಂಡ ಹೋಗು."

"ಯಾಕ್ರಿ ಅವ್ವಾರ, ಪಲ್ಲೆ ಹೊತ್ತೈತೇನ್ರಿ?"

"ಪಲ್ಲೆ ಛಲೋ ಐತಿ. ನೀ ಹೋಗು, ನಾಳಿಗೆ ಇಲ್ಲೇ ಬಾ. ಹುಗ್ಗಿ ಮಾಡಿಸಿರ್ತೇನಿ."

ಹಮಾಲರ ಹಿಂಡು ತನ್ನ ಬಾಗಿಲಿಗೆ ಬಂದದ್ದು ನೋಡಿ ಮಹಾಂತಯ್ಯನ ಕಣ್ಣು ಅರಳಿದವು. ಮರುದಿನ ಅವನು ಬುಟ್ಟಿಗಟ್ಟಲೆ ರೊಟ್ಟಿ ಮಾಡಿಸಿ ದಾರಿ ಕಾದ. ಹಮಾಲರು ನನ್ನಲ್ಲಿ ಕೂತು ಹುಗ್ಗಿ ಉಂಡರು. ಅವನ ಪಲ್ಯವನ್ನು ಹಿಂದಿನ ಮನೆಯ ಎಮ್ಮೆಗಳು ಉಂಡವು. ಹತ್ತು ಹದಿನೈದು ದಿನ ಬಿಟ್ಟು ಮತ್ತೆ ಕಳಿಸಿದೆ, ಒಂದು ಸಲ ಬೇರೆ ಪ್ರೆಸ್ಸಿನವರನ್ನೂ ಸೇರಿಸಿ. ನಾನು ಕಳಿಸಿದವರ ಹೆಸರಿನಲ್ಲಿ ಬಟ್ಟಲಿಗೆ ಕಾಳು ಹಾಕುತ್ತಿರಲಿಲ್ಲ, ನನ್ನ ಮೋಸಕ್ಕೆ ನಾನೇ ಮರುಳಾಗಬಾರದಲ್ಲ. ಅವನು ಗದಗಿನಿಂದ ಇನ್ನೊಬ್ಬ ಅಡುಗೆಯವನನ್ನು ಕರೆಸಿದ. ಪಕ್ಕದ ಖೋಲಿ ಬಾಡಿಗೆ ಹಿಡಿದು ಗೋಡೆ ಒಡೆಸಿದ. ಹೊಸ ತಾಟುಗಳು ಬಂದವು. ಅವು ಪೆಟ್ಟಿಗೆಯಿಂದ ಇಳಿಯುವಾಗ ನಾನು ನಿಂತು ನೋಡಿದೆ, ಅಷ್ಟೂ ತಾಟಿಗೆ ಕೂರುವ ಮಂದಿ ಅವನಿಗೆ ಎಲ್ಲಿದ್ದಾರೆ ಎಂದು. ಭರಣಿಯಲ್ಲಿ ಕಾಳು ಅರ್ಧಕ್ಕಿಂತ ಕೆಳಗೆ ಹೋಗಿದ್ದವು.

ಇದೆಲ್ಲ ನೀಚ ಕೆಲಸ ಎನ್ನುವವರು ಎನ್ನಲಿ. ಅವನು ನನ್ನನ್ನು ಹೊರಹಾಕಿದ ದಿನ ಅವರು ಅಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದರು.

ಮೂವತ್ತೊಂಬತ್ತರ ದಸರಾ ಆದ ಮೇಲೆ ಮಹಾಂತಯ್ಯ ಬಾಗಿಲು ಮುಚ್ಚಿದ. ಸುದ್ದಿ ತಂದ ದಾನವ್ವನಿಗೆ ಹೋಳಿಗೆಗೆ ಬೇಳೆ ಇಡು ಎಂದೆ. ನನ್ನ ಹೊಟ್ಟೆ ತಣ್ಣಗಾಗಿತ್ತು. ಆದರೂ ಏನೋ ಬಾಕಿ ಉಳಿದಂತೆ ಇತ್ತು. ಹೊಡೆದದ್ದು ಯಾರು ಎಂದು ಹೊಡೆತ ತಿಂದವನಿಗೆ ತಿಳಿಯದಿದ್ದರೆ ಅದು ಸೇಡು ಹೇಗಾದೀತು? ಸೆರಗು ಸರಿಮಾಡಿಕೊಂಡು ಓಣಿ ದಾಟಿದೆ.

ಮಹಾಂತಯ್ಯ ಹಂಡೆ, ಕೊಪ್ಪರಿಗೆಗಳನ್ನು ಚಕ್ಕಡಿಗೆ ಏರಿಸಿ ಹಗ್ಗ ಬಿಗಿಯುತ್ತಿದ್ದ.

"ಮಹಾಂತಯ್ಯಾ, ನಿನ್ನ ಕಡೆ ಹಿಂಡಗಟ್ಟಿ ಬರತಿದ್ರಲ್ಲ ಹಮಾಲರು, ಅವರನ್ನ ನಾ ಕಳಸತಿದ್ನಿ. ನೀ ಖೋಲಿ ಹಿಡೀಲಿ ಅಂತನ ಕಳಿಸೀನಿ."

ಅವನ ಕೈ ನಿಂತಿತು. ಮುಖ ಕೆಂಪಾಯಿತು. ಆ ಒಂದು ಕ್ಷಣ ನನ್ನದು, ಅದನ್ನು ನನ್ನಿಂದ ಯಾರೂ ಕಸಿದುಕೊಳ್ಳಲಾರರು. ಆಮೇಲೆ ಅವನು ನಕ್ಕ.

"ಹಂಗಾರ ಒಂದ ಖೋಲಿ ಬಾಡಿಗಿ ನಿಮ್ಮಿಂದ ಹೋತು ಬಿಡ್ರಿ ವೈನಿ. ಆದ್ರ ಒಲಿ ನೀವು ಆರಿಸಿದ್ದಲ್ಲ. ಕೇಶ್ವಾಪುರದ ಕಡೆ ಕುರ್ಚಿ ಹೋಟ್ಲ ಆಗೇದ, ನೋಡೀರೇನು? ಮ್ಯಾಲ ಕೂತ ಉಣ್ಣೂದು. ಅನ್ನ, ಸಾರು, ಆಮ್ಯಾಲ ಚಹಾ. ಮಂದಿ ಎರಡ ವರ್ಷದಿಂದ ಅತ್ತಾಗ ಹೊಂಟಾರ. ನಾನೂ ಅಲ್ಲೇ ಭಟ್ಟಿ ನೋಡಾಕ ಹೊಂಟೇನಿ, ಪಗಾರ ಮಾತಾಡೇನಿ. ನೀವು ಎದರಿಗೆ ಬಂದಿರಲಿಲ್ಲಂದ್ರೂ ನಾ ಮುಚ್ಚಾಂವನ ಇದ್ನಿ."

"ಸುಳ್ಳ ಹೇಳತಿ."

"ನನ್ನ ಗಿರಾಕಿ ಎಣಸತಿದ್ರಿ ಅಂತ ಓಣಿಗೆಲ್ಲ ಗೊತ್ತದ. ನಿಮ್ಮ ಗಿರಾಕಿ ಎಣಿಸೀರೇನು?"

ಮೂರು ವರ್ಷ ನನ್ನ ಕಣ್ಣು ಅವನ ಬಾಗಿಲ ಮೇಲೆಯೇ ಇತ್ತು. ನನ್ನ ಬೆನ್ನ ಹಿಂದೆ ಎಷ್ಟು ತಾಟು ಬಿದ್ದವು, ಎಷ್ಟು ಎದ್ದವು, ತಿರುಗಿ ನೋಡಿರಲಿಲ್ಲ. ಚಕ್ಕಡಿ ಹೊರಟಿತು. ಮನೆಯಲ್ಲಿ ಹೋಳಿಗೆ ಆಗಿದ್ದವು, ನನಗೆ ಸೇರಲಿಲ್ಲ.

ಮರುದಿನವೇ ಬಟ್ಟಲುಗಳನ್ನೆಲ್ಲ ತೊಳೆದು, ಭರಣಿಯ ಸುಣ್ಣದ ಗೆರೆ ಒರೆಸಿ, ನನ್ನ ಗಿರಾಕಿಗಳಿಗೆ ಕಾಳು ಹಾಕಲು ಶುರುಮಾಡಿದೆ. ಮೊದಲ ದಿನಗಳಲ್ಲಿ ಕಾಳು ಏರಿದವು. ಅವನ ಉಳಿದ ಮಂದಿ ನನ್ನಲ್ಲಿಗೆ ಬಂದಿದ್ದರು. ಭರಣಿ ಹೊತ್ತುಕೊಂಡು ಆ ಕುರ್ಚಿ ಹೋಟೆಲಿಗೇ ಹೋಗಿ ಅವನ ಮೂಗಿಗೆ ಹಿಡಿಯಬೇಕು ಎನಿಸಿತು. ಎರಡು ವಾರ ತಡೆದೆ. ಆಮೇಲೆ ಕಾಳು ಇಳಿಯತೊಡಗಿದವು.

ಸುಗ್ಗಿ, ಮಂದಿ ಹೊಲದಲ್ಲಿದ್ದಾರೆ ಎಂದುಕೊಂಡೆ. ಸುಗ್ಗಿ ಮುಗಿಯಿತು. ಹತ್ತಿಯ ಗಾಡಿಗಳು ಬಂದು ಪ್ರೆಸ್ಸು ಹಗಲು ರಾತ್ರಿ ನಡೆಯಿತು, ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶನಿವಾರ ನನ್ನ ಪಡಸಾಲೆ ತುಂಬಿ ಹೊರಗೂ ತಾಟು ಹಾಕಿದೆವು. ಭರಣಿ ಮಾತ್ರ ಇಳಿಯಿತು, ಥೇಟ್ ಮಹಾಂತಯ್ಯನದು ಇಳಿದ ಹಾಗೆಯೇ, ಕೂದಲೆಳೆಯಷ್ಟು, ಆಮೇಲೆ ಬೆರಳಿನಷ್ಟು.

ಒಂದು ಸಂಜೆ ಶಿದ್ದಪ್ಪ ಮಾಸ್ತರರಿಗೆ ಗೆರೆಗಳನ್ನು ತೋರಿಸಿದೆ. ಅವರು ನನ್ನ ಮುಖ ನೋಡದೆ ಹೇಳಿದರು, "ನಾನೂ ವಾರದಾಗ ಎರಡ ಸಲ ಅಲ್ಲೇ ಹೋಗತೇನ್ರಿ ಮುರಿಗೆವ್ವಾರ. ಊಟ ನಿಮ್ಮದ ಛಲೋ. ಆದ್ರ ಈಗೀಗ ಮೊಣಕಾಲು ಕೆಳಗ ಕೂಡಾಕ ಬಿಡವಲ್ವು."

ಮೊಣಕಾಲು. ನನ್ನ ಹಗೆಯನ್ನು ನನ್ನಿಂದ ಕಸಿದದ್ದು ಮಂದಿಯ ಮೊಣಕಾಲು, ಒಂದು ಕಪ್ ಚಹಾ. ಅವರು ಹೋದ ಮೇಲೆ ನಾನು ಒಲೆಯ ಮುಂದೆ ಕುಳಿತು ಅತ್ತೆ. ವ್ಯಾಪಾರ ಇಳಿಯಿತೆಂದು ಅತ್ತಿದ್ದಲ್ಲ. ಇಬ್ಬರು ಹೆಂಗಸರ ಹೊಟ್ಟೆಗೆ ಅದು ಇವತ್ತಿಗೂ ಸಾಕಾಗುತ್ತದೆ. ಅವನನ್ನು ನಾನು ಕೆಡವಲಿಲ್ಲ ಎಂದು ಅತ್ತೆ. ಬೀಳುವವನಿದ್ದ, ಬಿದ್ದ, ಎದ್ದು ಪಗಾರಕ್ಕೆ ಹೋದ. ಮೂರು ವರ್ಷ ನಾನು ಕಾಳು ಎಣಿಸಿದ್ದೇ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವನ ಮೇಲಿನ ಸಿಟ್ಟು ಇನ್ನೂ ಹಾಗೇ ಇದೆ, ತೀರಿಸುವ ದಾರಿ ಮಾತ್ರ ಮುಚ್ಚಿಹೋಯಿತು.

ಓಣಿಯವರಿಗೆ ಇದು ಗೊತ್ತಿಲ್ಲ. ಹೊಸ ಸೊಸೆಯಂದಿರಿಗೆ ನನ್ನನ್ನು ತೋರಿಸಿ, "ಈಕಿ ಜೋಡಿ ಹಗಿ ಕಟ್ಟಿಕೋಬ್ಯಾಡ್ರಿ, ಮೈದುನನ ಒಲಿ ಆರಿಸಿದ ಹೆಣಮಗಳು," ಎನ್ನುತ್ತಾರೆ. ಹೌದೇನ್ರಿ ಎಂದು ಅವರು ಕೇಳುತ್ತಾರೆ. ನಾನು ಹೂಂ ಎನ್ನುತ್ತೇನೆ. ನಿಜ ಬಲ್ಲ ದಾನವ್ವ ಹಿಟ್ಟು ನಾದುತ್ತ ಮುಖ ಆ ಕಡೆ ತಿರುಗಿಸುತ್ತಾಳೆ.