ಕ್ಯಾಸೆಟ್ಟಿನ ಬೆನ್ನ ಮೇಲಿನ ಹೆಸರು

ಹೆಸರು ಅಳಿಸುವುದರಲ್ಲಿ ನಮ್ಮ ಯಜಮಾನರನ್ನು ಮೀರಿಸುವವರು ಇಡೀ ಒಸಾಕಾದಲ್ಲೇ ಇಲ್ಲ. ಹಾಗೆ ಹೇಳುವವರೂ ಅವರೇ. ನಿಪ್ಪೊಂಬಾಶಿಯ ನಮ್ಮ ಅಂಗಡಿಗೆ ಬರುವ ಹಳೇ ವಿಡಿಯೋ ಗೇಮ್ ಕ್ಯಾಸೆಟ್ಟುಗಳ ಬೆನ್ನ ಮೇಲೆ ಯಾವುದೋ ಮಗುವಿನ ಹೆಸರು ಮಾರ್ಕರ್‌ನಲ್ಲಿ ಬರೆದಿರುವುದು ಮಾಮೂಲು. ಆಗೆಲ್ಲ ಗೆಳೆಯರ ಮನೆಗೆ ಒಯ್ದು ಆಡುತ್ತಿದ್ದೆವಲ್ಲ, ಅದಲುಬದಲಾಗಬಾರದು ಅಂತ ಅಮ್ಮಂದಿರು ಬರೆಸುತ್ತಿದ್ದರು. ಸಂಗ್ರಹಿಸುವವರಿಗೆ ಮಾತ್ರ ಆ ಹೆಸರು ಕಂಡರಾಗದು, ಬೆಲೆ ಅರ್ಧಕ್ಕಿಳಿಯುತ್ತದೆ. ಅಳಿಸುವ ಮೊದಲೊಂದು, ಅಳಿಸಿದ ಮೇಲೊಂದು ಫೋಟೋ ತೆಗೆದು ಯಜಮಾನರು ಬಂದವರಿಗೆಲ್ಲ ತೋರಿಸಿ ಬೀಗುತ್ತಾರೆ.

ಕಳೆದ ಶನಿವಾರ ಯಾಗಿ ಸನಾಯೆ ಎಂಬ ಹೆಂಗಸು ಬಂದರು. ನನ್ನದೇ ವಯಸ್ಸು, ಐವತ್ತರ ಆಸುಪಾಸು. ಕರವಸ್ತ್ರದಲ್ಲಿ ಸುತ್ತಿದ್ದ ಕ್ಯಾಸೆಟ್ಟನ್ನು ಮೆಲ್ಲಗೆ ಬಿಚ್ಚಿಟ್ಟರು.

"ಟೀವಿಗೆ ಹಾಕಿದ್ರೆ ಬರೀ ಗೆರೆ ಬರತ್ತೆ. ಸ್ವಲ್ಪ ಕ್ಲೀನ್ ಮಾಡ್ಕೊಡ್ತೀರಾ? ನಾಳೆ ನಮ್ಮಣ್ಣ ಬರ್ತಿದಾನೆ."

"ಅಷ್ಟೇ ತಾನೆ? ಹೊಸದರ ಥರ ಮಾಡ್ಕೊಡ್ತೀನಿ, ಸಂಜೆ ಬನ್ನಿ," ಅಂತ ಯಜಮಾನರು ಅದನ್ನೆತ್ತಿಕೊಂಡು ಒಳಗೆ ಹೋದರು.

ನಾನು ತಣ್ಣನೆಯ ಬಾರ್ಲಿ ಚಹಾ ಕೊಟ್ಟೆ. ಅವರಿಗೆ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಿತ್ತು ಅಂತ ಕಾಣುತ್ತದೆ.

"ಅಮ್ಮನ್ನ ಯಾರು ನೋಡ್ಕೋಬೇಕು ಅಂತ ಜಗಳ ಆಯ್ತು. ಎಷ್ಟೋ ವರ್ಷದಿಂದ ಮಾತಿಲ್ಲ ನಮಗೆ. ಅಪ್ಪ ಇಬ್ಬರಿಗೂ ಸೇರಿಸಿ ಆ ಕ್ಯಾಸೆಟ್ ತಂದಿದ್ರು. ಅಣ್ಣ ತನ್ನ ಹೆಸರೊಂದೇ ಬರೆದ. ನಾನು ರಂಪ ಮಾಡಿದ್ಮೇಲೆ ಕೆಳಗೆ 'ಸನಾಯೆದೂ ಹೌದು' ಅಂತ ಸೇರಿಸಿದ. ನಾಳೆ ಅದನ್ನ ಅವನ ಮುಂದೆ ಇಡ್ತೀನಿ. ನನಗಂತೂ ಮೊದಲು ಮಾತಾಡೋಕೆ ಬಾಯಿ ಬರಲ್ಲ."

ಆಗಲೇ ನಾನು ಎದ್ದು ಒಳಗೆ ಓಡಬೇಕಿತ್ತು. ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ. ಅವರನ್ನು ಕಳಿಸಿ ಒಳಗೆ ಹೋದರೆ, ಯಜಮಾನರು ಫಳಫಳ ಹೊಳೆಯುವ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನಿಂತಿದ್ದರು.

"ರೀ, ಹೆಸರೆಲ್ಲಿ?"

"ಭೂತಗನ್ನಡಿ ಹಿಡಿದ್ರೂ ಸಿಗಲ್ಲ ಬಿಡು! ಪಾಪ ಅವರು ಕೇಳಿರ್ಲಿಲ್ಲ, ನಾನೇ ಪುಕ್ಕಟೆ ಮಾಡ್ದೆ."

ವಿಷಯ ಹೇಳಿದೆ. ಯಜಮಾನರು ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟರು. "ತಪ್ಪಾಯ್ತು ಅಂತ ಕೇಳ್ಕೊಳೋಣ," ಅಂದರು.

ಬೇಡ ಅಂದವಳು ನಾನು. ಅಂಗಡಿಯ ಹೆಸರು ಕೆಡುತ್ತದಲ್ಲ ಅಂತ ನನ್ನ ಹೆದರಿಕೆ. ಹೇಗೂ ಮೊದಲಿನ ಫೋಟೋ ಇತ್ತು, ನನ್ನ ಅಕ್ಷರವೋ ಇವತ್ತಿಗೂ ಕಾಗೆ ಕಾಲು ಗುಬ್ಬಿ ಕಾಲು. ಫೋಟೋ ನೋಡಿಕೊಂಡು ಮಾರ್ಕರ್‌ನಲ್ಲಿ ಸೊಟ್ಟಕ್ಕೆ ಸೊಟ್ಟ ಹಾಗೇ ಮತ್ತೆ ಬರೆದೆ. ಎಷ್ಟು ಚೆನ್ನಾಗಿ ಬಂತೆಂದರೆ, ಹೇಳಲು ನಾಚಿಕೆಯಾಗುತ್ತದೆ, ನನಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಸಂಜೆ ಸನಾಯೆಯವರು ಬಂದರು. ಯಜಮಾನರು ಹೊರಗೆ ಬರಲೇ ಇಲ್ಲ. ಟೀವಿಗೆ ಹಾಕಿ ತೋರಿಸಿದೆ. ಚಿತ್ರ ಸ್ಪಷ್ಟವಾಗಿ ಬಂತು. ಅವರು ಕ್ಯಾಸೆಟ್ಟನ್ನು ತಿರುಗಿಸಿದರು. ಕಣ್ಣು ತುಂಬಿಬಂತು. ತಮ್ಮ ಹೆಸರಿನ ಮೇಲೆ ಪ್ರೀತಿಯಿಂದ ಹೆಬ್ಬೆರಳಾಡಿಸಿದರು.

ಅಳಿಸುವ ದ್ರಾವಣದ ಪಸೆಗೆ ನಾನು ಬರೆದದ್ದು ಇನ್ನೂ ಆರಿರಲಿಲ್ಲ. ಮಸಿ ಹೆಬ್ಬೆರಳಿಗೆ ಹತ್ತಿತು.

ಅವರು ಹೆಬ್ಬೆರಳು ನೋಡಿಕೊಂಡರು. ಆಮೇಲೆ ನನ್ನ ಕೈ ನೋಡಿದರು. ನನ್ನ ತೋರುಬೆರಳಲ್ಲೂ ಅದೇ ಕಪ್ಪು ಮಸಿ. ಬೈಯಬಾರದಿತ್ತೇ? ಕೂಗಾಡಬಾರದಿತ್ತೇ? ಅವರು ಆ ಹೆಬ್ಬೆರಳನ್ನು, ತಾವೇ ತಪ್ಪು ಮಾಡಿದವರಂತೆ, ಮುಷ್ಟಿಯೊಳಗೆ ಮಡಚಿಕೊಂಡರು. ಕರವಸ್ತ್ರ ತೆಗೆದು ಉಳಿದ ಅಕ್ಷರಗಳನ್ನೆಲ್ಲ ಸದ್ದಿಲ್ಲದೆ ಒರೆಸಿದರು.

"ತುಂಬ ತೊಂದರೆ ತಗೊಂಡ್ರಿ," ಅಂತ ಬಾಗಿ ನಮಸ್ಕರಿಸಿದರು. "ಒಂದು ಮಾರ್ಕರ್ ಇದ್ರೆ ಕೊಡ್ತೀರಾ? ನಾಳೆ ಅಣ್ಣನ ಕೈಲೇ ಬರೆಸ್ತೀನಿ. ಅವನು ನನ್ನ ಹೆಸರೂ ಬರೆದ್ರೆ ಸಾಕು."

ಅಂಗಡಿಯಲ್ಲಿದ್ದದ್ದು ಒಂದೇ ಮಾರ್ಕರ್, ಏಪ್ರನ್ನಿನ ಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದದ್ದು. ಎರಡೂ ಕೈಯಿಂದ ಅದನ್ನೇ ಕೊಟ್ಟು ತಲೆ ಬಗ್ಗಿಸಿದೆ. ಅವರು ಹೋಗಿ ಬಾಗಿಲು ಮುಚ್ಚಿಕೊಂಡ ಮೇಲೂ ಎತ್ತಲಾಗಲಿಲ್ಲ.